ಬಿಸಿನೀರಿಗೆ ಯಾವ ಪೈಪ್?

ಪ್ರಶ್ನೆ: ತಾರಸಿಯ ಮೇಲೆ ಸೋಲಾರ್ ಹೀಟರ್ ಕೂರಿಸುತ್ತಿದ್ದೇವೆ. ಅಲ್ಲಿಂದ ಕೆಳಗಿನ ಬಚ್ಚಲಿಗೆ ಸುಮಾರು 12 ಮೀಟರ್ ಪೈಪ್ ಬೇಕು. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪೇ ಗಟ್ಟಿ ಎನ್ನುತ್ತಾರೆ ಮೇಸ್ತ್ರಿ. ಜರ್ಮನಿಯಲ್ಲಿರುವ ಮಗ, ತನ್ನ ಮನೆಯ ಕೋಣೆಗಳನ್ನು ಬೆಚ್ಚಗಿಡುವ ನೀರೇ ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪಿನಲ್ಲಿ ಹರಿಯುತ್ತದೆ, ಅದನ್ನೇ ಹಾಕಿಸಿ ಎನ್ನುತ್ತಾನೆ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ಮಲ್ಪೆ

ಉತ್ತರ: ಮೇಸ್ತ್ರಿ ಹೇಳುವುದು ಹೊಡೆತ ತಾಳುವ ಗಟ್ಟಿತನ. ನಿಮ್ಮ ಪೈಪಿಗೆ ಹೊಡೆಯುವವರು ಯಾರೂ ಇಲ್ಲ. ಅದನ್ನು ತಿನ್ನುವುದು ನೀರು. ನಿಮ್ಮ ಕರಾವಳಿಯ ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ತುಸು ಆಮ್ಲೀಯ. ಜಿಐ ಪೈಪಿನ ಸತುವಿನ ಲೇಪವನ್ನು ಅದು ಕರಗಿಸುತ್ತದೆ. ಹೊರಗಿನಿಂದ ಕಡಲ ಉಪ್ಪುಗಾಳಿ ಬೇರೆ. ಎಲ್ಲಾದರೂ ಬಿಚ್ಚಿ ಹಾಕಿದ ಹಳೆಯ ಜಿಐ ತುಂಡು ಸಿಕ್ಕಿದರೆ ಒಳಗೆ ಇಣುಕಿ ನೋಡಿ. ಕಂದು ತುಕ್ಕು ಗಂಟುಗಟ್ಟಿ, ಬೆರಳು ತೂರುತ್ತಿದ್ದಲ್ಲಿ ಪೆನ್ಸಿಲ್ ತೂರುವಷ್ಟೇ ಜಾಗ ಉಳಿದಿರುತ್ತದೆ. ತಾಮ್ರ ನೋಡಲು ಚೆಂದ, ಆದರೆ ಇದೇ ನೀರು ಅದನ್ನೂ ಬಿಡುವುದಿಲ್ಲ.

ನಿಮ್ಮ ಮಗ ಹೇಳಿದ್ದು ಅಲ್ಲಿಯ ಮಟ್ಟಿಗೆ ನಿಜ. ಅಲ್ಲಿ ಅದೇ ನೀರು ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಗೋಡೆಯ ಮೂಲಕ ಆಮ್ಲಜನಕ ನುಸುಳಿದರೆ ಕೋಣೆಗೆ ಬಿಸಿ ಸೂಸುವ ಉಕ್ಕಿನ ರೇಡಿಯೇಟರುಗಳು ತುಕ್ಕು ಹಿಡಿಯುತ್ತವೆ. ಅದಕ್ಕಾಗಿ ಆ ಪೈಪಿಗೆ ತಡೆಪದರ ಕೊಟ್ಟಿರುತ್ತಾರೆ. ಸ್ನಾನದ ನೀರು ದಿನವೂ ಹೊಸದು, ಆಮ್ಲಜನಕವನ್ನು ಹೊತ್ತೇ ಬರುತ್ತದೆ. ಆ ಪದರಕ್ಕೆ ನೀವೇಕೆ ದುಡ್ಡು ಕೊಡಬೇಕು?

ನನ್ನ ಆಯ್ಕೆ ಸಿಪಿವಿಸಿ, ಅಂದರೆ ಬಿಸಿ ತಾಳುವಂತೆ ಹೆಚ್ಚು ಕ್ಲೋರಿನ್ ಸೇರಿಸಿದ ಪಿವಿಸಿ ಪ್ಲಾಸ್ಟಿಕ್. ಪೈಪಿನ ಮೇಲೆ ಐಎಸ್ 15778 (ಇದರ ಭಾರತೀಯ ಮಾನಕದ ಸಂಖ್ಯೆ) ಮತ್ತು ಎಸ್‌ಡಿಆರ್ 11 (ಗೋಡೆಯ ದಪ್ಪದ ಗುರುತು) ಎಂದು ಅಚ್ಚಾಗಿದೆಯೇ ನೋಡಿಯೇ ಕೊಳ್ಳಿ. ಇದು 93 ಡಿಗ್ರಿಯವರೆಗೆ ತಾಳುತ್ತದೆ. ತಣ್ಣೀರಿನ ಬಿಳಿ ಪಿವಿಸಿ 60 ದಾಟುವ ಮೊದಲೇ ಮೆತ್ತಗಾಗುತ್ತದೆ, ಅದರ ಹೆಸರೂ ಎತ್ತಬೇಡಿ.

ಸಿಪಿವಿಸಿಯನ್ನು ಕೆಡಿಸುವುದು ಕೆಲಸದ ರೀತಿ. ನೀರು 40 ಡಿಗ್ರಿ ಹೆಚ್ಚು ಬಿಸಿಯಾದರೆ ನಿಮ್ಮ 12 ಮೀಟರ್ ಪೈಪ್ ಸುಮಾರು 3 ಸೆಂಟಿಮೀಟರ್ ಉದ್ದವಾಗುತ್ತದೆ. ಬಿಸಿನೀರಿಗೆ ಬಳಸುವ ಇನ್ನೊಂದು ಪ್ಲಾಸ್ಟಿಕ್ ಪೈಪ್ ಪಿಪಿಆರ್ ಆದರೆ 7 ಸೆಂಟಿಮೀಟರ್. ಕ್ಲ್ಯಾಂಪುಗಳನ್ನು ಬಿಗಿದು ಕಟ್ಟಿದರೆ ಮೂಲೆಯಲ್ಲಿ ಪೈಪ್ ತಿರುಗಿಸುವ ಎಲ್ಬೋ ಬಿರುಕು ಬಿಡುತ್ತದೆ. ಪೈಪ್ ಜಾರುವಷ್ಟು ಸಡಿಲವಿರಲಿ, ನಡುವೆ ಒಂದು ಕಡೆ ಯು ಆಕಾರದ ತಿರುವು ಕೊಡಿಸಿ. ಥ್ರೆಡ್ ಇರುವಲ್ಲಿ ಟೆಫ್ಲಾನ್ ಟೇಪ್ ಮಾತ್ರ. ಸೆಣಬು, ಪೇಂಟ್ ಬೇಡ. ತಾರಸಿಯ ಭಾಗಕ್ಕೆ ಇನ್ಸುಲೇಷನ್ ಸುತ್ತಿಸಿ, ಇಲ್ಲದಿದ್ದರೆ ಬಿಸಿಲು ಪೈಪನ್ನು ಪೆಡಸಾಗಿಸುತ್ತದೆ. ಮನೆ ಬೀಗ ಹಾಕಿ ಊರಿಗೆ ಹೋದ ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರು ಕುದಿಯುವ ಮಟ್ಟ ಮುಟ್ಟಬಹುದು. ಟ್ಯಾಂಕಿಗೆ ಅಂಟಿದ ಮೊದಲ ತುಂಡು ಲೋಹದ್ದೇ ಇರಲಿ.

ಅಂಟಿಸಲು ಸಿಪಿವಿಸಿಯದೇ ಸಾಲ್ವೆಂಟ್ ತರಿಸಿ. ಅಂಟಿಸಿದ ಮೇಲೆ ಒಂದು ದಿನ ಬಿಸಿನೀರು ಬಿಡಬೇಡಿ. ಈಗಲೇ ಪರೀಕ್ಷಿಸೋಣ ಎಂದು ಮೇಸ್ತ್ರಿ ಅವಸರಪಟ್ಟರೆ ಚಹಾ ಕೊಟ್ಟು ಮನೆಗೆ ಕಳುಹಿಸಿ.