ಕುಬರ್ನೆಟೀಸ್ ಕ್ಲಸ್ಟರ್‌ಗೆ ಯಾವ ಮಷೀನ್ ಇಮೇಜ್ ಒಳ್ಳೆಯದು?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯ ಸಣ್ಣ ಸಾಫ್ಟ್‌ವೇರ್ ಕಂಪನಿ. ಅಮೆಜಾನ್‌ನ ಮುಂಬೈ ವಲಯದಲ್ಲಿ ಇಕೆಎಸ್ ಕ್ಲಸ್ಟರ್ ನಡೆಸುತ್ತಿದ್ದೇವೆ, ಅಂದರೆ ಕಂಟೇನರ್‌ಗಳನ್ನು (ಬೇಕಾದದ್ದೆಲ್ಲ ಜೊತೆಗೇ ಕಟ್ಟಿಟ್ಟ ಸಾಫ್ಟ್‌ವೇರ್ ಪೊಟ್ಟಣಗಳನ್ನು) ಹಲವು ಯಂತ್ರಗಳ ಮೇಲೆ ನಡೆಸುವ ಕುಬರ್ನೆಟೀಸ್ ವ್ಯವಸ್ಥೆಯನ್ನು ಅಮೆಜಾನ್‌ನ ಸೇವೆಯಾಗಿ ಬಳಸುತ್ತಿದ್ದೇವೆ. ನೋಡ್‌ಗಳೆಲ್ಲ (ಕ್ಲಸ್ಟರ್‌ನ ಯಂತ್ರಗಳು) ಅಮೆಜಾನ್ ಲಿನಕ್ಸ್ 2 ಇಮೇಜಿನಲ್ಲಿವೆ (ಯಂತ್ರ ಏಳುವಾಗ ಬಳಸುವ ಕಾರ್ಯಾಚರಣಾ ವ್ಯವಸ್ಥೆಯ ಸಿದ್ಧ ಪ್ರತಿ), ಕುಬರ್ನೆಟೀಸ್ 1.32ರಲ್ಲೇ ಉಳಿದಿದ್ದೇವೆ. ಕೆಲವು ಸೇವೆಗಳು ಹಳೆಯ ಜಾವಾ 8ರಲ್ಲಿವೆ. ಅಮೆಜಾನ್ ಲಿನಕ್ಸ್ 2023, ಬಾಟಲ್‌ರಾಕೆಟ್, ಉಬುಂಟು ಇವುಗಳಲ್ಲಿ ಯಾವುದಕ್ಕೆ ಹೋಗಬೇಕು?

ಉತ್ತರ: ಹೋಗಲೇಬೇಕು ಎಂಬುದಂತೂ ಖಚಿತ. ಅಮೆಜಾನ್ ಲಿನಕ್ಸ್ 2ರ ಇಕೆಎಸ್ ಇಮೇಜ್‌ಗಳ ಬಿಡುಗಡೆ 2025ರ ನವೆಂಬರ್ 26ಕ್ಕೆ ನಿಂತಿತು, 1.33ರಿಂದ ಮುಂದಕ್ಕೆ ಅಂಥ ಇಮೇಜೇ ಇಲ್ಲ.

ನಿಮ್ಮ ತಂಡವನ್ನು ಒಂದು ಮಾತು ಕೇಳಿ: ಕಳೆದ ಸಲ ನೋಡ್‌ನೊಳಗೆ ಲಾಗಿನ್ ಆದದ್ದು ಏತಕ್ಕೆ? ಲಾಗ್ ಓದುವುದಕ್ಕಷ್ಟೇ ಆಗಿದ್ದರೆ ನನ್ನ ಸಲಹೆ ಬಾಟಲ್‌ರಾಕೆಟ್. ಕಂಟೇನರ್ ನಡೆಸಲು ಬೇಕಾದಷ್ಟೇ ಅದರಲ್ಲಿದೆ. ಪ್ಯಾಕೇಜ್ ಮ್ಯಾನೇಜರ್ ಇಲ್ಲ, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ತಾನಾಗಿ ತೆರೆದಿರುವುದಿಲ್ಲ, ಮೂಲ ಕಡತ ವ್ಯವಸ್ಥೆಗೆ ಬರೆಯಲು ಬರುವುದಿಲ್ಲ. ನುಗ್ಗಿದವನಿಗೆ ಒಳಗೆ ಸಿಗುವ ಸಲಕರಣೆಯೇ ಕಡಿಮೆ. ತೀರಾ ಅಗತ್ಯ ಬಿದ್ದಾಗ ಅಡ್ಮಿನ್ ಕಂಟೇನರ್ ಚಾಲೂ ಮಾಡಿ ಒಳಹೋಗಬಹುದು.

ಲಾಗಿನ್ ಆಗಿ ಪ್ಯಾಕೇಜ್ ಹಾಕಿದ್ದರೆ, ಸಂರಚನಾ ಕಡತ ತಿದ್ದಿದ್ದರೆ, ಸದ್ಯಕ್ಕೆ ಅಮೆಜಾನ್ ಲಿನಕ್ಸ್ 2023 ಆರಿಸಿ. ಆ ಕೆಲಸಗಳನ್ನು ಒಂದೊಂದಾಗಿ ಡೀಮನ್‌ಸೆಟ್‌ಗೆ (ಪ್ರತಿ ನೋಡ್‌ನಲ್ಲೂ ಒಂದು ಕಂಟೇನರ್ ನಡೆಸುವ ಕುಬರ್ನೆಟೀಸ್ ವಿಧಾನ) ವರ್ಗಾಯಿಸಿದ ಮೇಲೆ ಬಾಟಲ್‌ರಾಕೆಟ್ ನೋಡಬಹುದು. ನೋಡನ್ನು ಕ್ಲಸ್ಟರ್‌ಗೆ ಸೇರಿಸುವ ಹಳೆಯ ಬೂಟ್‌ಸ್ಟ್ರಾಪ್ ಸ್ಕ್ರಿಪ್ಟ್ ಅಮೆಜಾನ್ ಲಿನಕ್ಸ್ 2023ರಲ್ಲಿ ನಡೆಯುವುದಿಲ್ಲ. ನೋಡ್ಎಡಿಎಂ ಎಂಬ ಹೊಸ ಸಾಧನಕ್ಕೆ ಯಾಮಲ್ ಎಂಬ ಪಠ್ಯ ರೂಪದಲ್ಲಿ ವಿವರ ಕೊಡಬೇಕು. ಉಬುಂಟುವಿಗೆ ನಾನು ಕೈಹಾಕುವುದು ಯಾವುದಾದರೂ ಚಾಲಕ ತಂತ್ರಾಂಶವೋ ಭದ್ರತಾ ಏಜೆಂಟೋ ಅದರಲ್ಲಿ ಮಾತ್ರ ನಡೆಯುತ್ತದೆ ಎಂದಾಗಷ್ಟೇ.

ನನಗೆ ನಿಜವಾದ ಚಿಂತೆ ನಿಮ್ಮ ಜಾವಾ 8ರದು. ಹೊಸ ಇಮೇಜ್‌ಗಳು ಸಿಗ್ರೂಪ್‌ನ (ಕಂಟೇನರ್‌ಗೆ ಮೆಮೊರಿ, ಸಿಪಿಯು ಮಿತಿ ಹಾಕುವ ಲಿನಕ್ಸ್ ವ್ಯವಸ್ಥೆ) ಎರಡನೇ ಆವೃತ್ತಿ ಬಳಸುತ್ತವೆ. ಅದು ಜಾವಾ 8ಕ್ಕೆ ಅರ್ಥವಾಗುವುದು 372ನೇ ಅಪ್‌ಡೇಟ್‌ನಿಂದ, ಜಾವಾ 11ಕ್ಕೆ 11.0.16ರಿಂದ. ಅದಕ್ಕಿಂತ ಹಳೆಯದಾದರೆ ಜೆವಿಎಂಗೆ (ಜಾವಾ ಕಾರ್ಯಕ್ರಮ ನಡೆಸುವ ತಂತ್ರಾಂಶ) ಕಂಟೇನರ್‌ನ ಮಿತಿ ಕಾಣಿಸುವುದಿಲ್ಲ, ಇಡೀ ನೋಡ್‌ನ ಮೆಮೊರಿ ಕಾಣುತ್ತದೆ. 32 ಜಿಬಿ ನೋಡ್‌ನಲ್ಲಿ 2 ಜಿಬಿ ಮಿತಿಯ ಪಾಡ್ (ಕುಬರ್ನೆಟೀಸ್ ಕಂಟೇನರ್ ನಡೆಸುವ ಘಟಕ) ಇದೆ ಎನ್ನಿ. ಬೇರೆ ಹೇಳದಿದ್ದರೆ ಜೆವಿಎಂ ಕಂಡ ಮೆಮೊರಿಯ ಕಾಲುಭಾಗವನ್ನು, ಅಂದರೆ ಸುಮಾರು 8 ಜಿಬಿಯನ್ನು, ಹೀಪ್‌ನ (ಜಾವಾ ದತ್ತಾಂಶ ಇಡುವ ಮೆಮೊರಿ) ಮಿತಿಯಾಗಿ ಇಟ್ಟುಕೊಳ್ಳುತ್ತದೆ. ಬಳಕೆ 2 ಜಿಬಿ ದಾಟಿದೊಡನೆ ಕರ್ನಲ್ ಅದನ್ನು ಕೊಲ್ಲುತ್ತದೆ. ಪಾಡ್‌ನ ಸ್ಥಿತಿಯಲ್ಲಿ ಓಒಎಂಕಿಲ್ಡ್ (ಮೆಮೊರಿ ಮಿತಿ ಮೀರಿ ಕೊಲ್ಲಲಾಗಿದೆ), ನಿರ್ಗಮನ ಸಂಖ್ಯೆ 137 ಕಾಣುತ್ತದೆ. ಕೋಡ್‌ನಲ್ಲಿ ಒಂದಕ್ಷರ ಬದಲಾಗಿರುವುದಿಲ್ಲವಾದ್ದರಿಂದ ಜನ ಮೆಮೊರಿ ಸೋರಿಕೆ ಹುಡುಕುತ್ತಾ ರಾತ್ರಿಗಳನ್ನು ಕಳೆಯುತ್ತಾರೆ. ಆದ್ದರಿಂದ ಇಮೇಜ್ ಮುಟ್ಟುವ ಮೊದಲೇ ಜೆಡಿಕೆ (ಜೆವಿಎಂ ಒಳಗೊಂಡ ಜಾವಾ ಕಿಟ್) ಅಪ್‌ಡೇಟ್ ಮಾಡಿ. ಅದು ಆಗದಿದ್ದರೆ ಎಕ್ಸ್‌ಎಂಎಕ್ಸ್ (-Xmx) ಆಯ್ಕೆಯಲ್ಲಿ ಹೀಪ್ ಮಿತಿಯನ್ನು ನೀವೇ ನಮೂದಿಸಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಲೇಬೇಕು: ಇಮೇಜನ್ನು ಹುಡುಕುವ ಬಗೆ. ಇಮೇಜ್‌ನ ಗುರುತಿನ ಸಂಖ್ಯೆ ಪ್ರತಿ ವಲಯಕ್ಕೂ ಬೇರೆ. ಮುಂಬೈಯದು ಹೈದರಾಬಾದ್‌ನಲ್ಲಿ ನಡೆಯುವುದಿಲ್ಲ. ಹಾಗಾಗಿ ಅನೇಕರು ಟೆರಾಫಾರ್ಮ್‌ನಲ್ಲಿ (ಕ್ಲೌಡ್ ಯಂತ್ರಗಳನ್ನು ಕಡತಗಳಲ್ಲಿ ವಿವರಿಸುವ ಸಾಧನ) ಹೆಸರಿನ ಮಾದರಿ ಕೊಟ್ಟು ‘ಅತ್ಯಂತ ಹೊಸದು’ ಎಂದಷ್ಟೇ ಬರೆದು, ಮಾಲೀಕರ ಖಾತೆ ನಮೂದಿಸುವುದನ್ನು ಬಿಟ್ಟುಬಿಡುತ್ತಾರೆ. ಅದೇ ಹೆಸರಿನ ಇಮೇಜನ್ನು ಯಾರು ಬೇಕಾದರೂ ಸಾರ್ವಜನಿಕವಾಗಿ ಪ್ರಕಟಿಸಬಹುದು. ಅದು ಹೊಸದಾಗಿದ್ದರೆ ನಿಮ್ಮ ನೋಡ್ ಅದರಲ್ಲೇ ಏಳುತ್ತದೆ. 2025ರ ಫೆಬ್ರುವರಿಯಲ್ಲಿ ಡೇಟಾಡಾಗ್ ಕಂಪನಿಯ ಸಂಶೋಧಕರು ಈ ದಾಳಿಯನ್ನು ಪ್ರಯೋಗ ಮಾಡಿಯೇ ತೋರಿಸಿದರು. ನಿಮ್ಮ ಟೆರಾಫಾರ್ಮ್ ಕಡತಗಳನ್ನು ಇಂದೇ ತೆರೆದು ನೋಡಿ. ಅಮೆಜಾನ್ ತಾನೇ ಪ್ರಕಟಿಸುವ ಎಸ್‌ಎಸ್‌ಎಂ (ಅಮೆಜಾನ್‌ನ ಸಂರಚನಾ ಮೌಲ್ಯಗಳ ಭಂಡಾರ) ಪ್ಯಾರಾಮೀಟರ್‌ನಿಂದ ಸಂಖ್ಯೆ ಪಡೆದು, ಅದನ್ನು ಗಿಟ್‌ನಲ್ಲಿ ದಾಖಲಿಸಿ, ಪರೀಕ್ಷಾ ಕ್ಲಸ್ಟರ್ ದಾಟಿದ ಮೇಲಷ್ಟೇ ಮುಂದಕ್ಕೆ ಬಿಡಿ.

ಅಮೆಜಾನ್‌ನ ಆರ್ಮ್ ಚಿಪ್‌ನ ಗ್ರಾವಿಟಾನ್ ಯಂತ್ರಗಳ ಆಸೆಯಿದ್ದರೆ ನೋಡ್‌ನ ಇಮೇಜ್ ಮಾತ್ರವಲ್ಲ, ನಿಮ್ಮ ಕಂಟೇನರ್ ಇಮೇಜ್‌ಗಳೂ ಆರ್ಮ್‌ಗೆ ಸಿದ್ಧವಿರಬೇಕು. ಅದನ್ನು ಈ ಬದಲಾವಣೆಯೊಂದಿಗೆ ಬೆರೆಸಬೇಡಿ.

ಕುಬರ್ನೆಟೀಸ್ ಆವೃತ್ತಿಯನ್ನೂ ಸದ್ಯ 1.32ರಲ್ಲೇ ಇಡಿ. ಹೊಸ ಇಮೇಜ್‌ನ ಚಿಕ್ಕ ನೋಡ್ ಗುಂಪೊಂದನ್ನು ಸೇರಿಸಿ, ಜಾವಾ ಸೇವೆಯೊಂದನ್ನೇ ಮೊದಲು ಅಲ್ಲಿಗೆ ಕಳಿಸಿ, ಒಂದು ವಾರದ ದಟ್ಟಣೆ ನೋಡಿ. ಸರಿಯಿದ್ದರೆ ಹಳೆಯ ನೋಡ್‌ಗಳನ್ನು ಒಂದೊಂದಾಗಿ ಖಾಲಿ ಮಾಡಿ. 1.33ಕ್ಕೆ ಏರುವುದು ಅದಾದ ಮೇಲೆ.