ಜುಬೇಯಲ್ಲಿ ಮನೆ ಹಿಡಿಯೋದಾದರೆ

ತೈವಾನಿನ ಶಿಂಚು ಸೈನ್ಸ್ ಪಾರ್ಕಿನಲ್ಲಿ (ಟೆಕ್ ಕಂಪನಿಗಳ ಪ್ರದೇಶ) ಕೆಲಸ ಸಿಕ್ಕಿದೆ, ಪಕ್ಕದ ಊರು ಜುಬೇಯಲ್ಲಿ ಮನೆ ಹಿಡಿಯಬಹುದಾ, ಅಲ್ಲಿ ಬರೀ ಹೊಸ ಅಪಾರ್ಟ್‌ಮೆಂಟುಗಳೇ ಅಂತೆ, ಹೌದಾ ಎಂದು ಕೇಳಿದ್ದೀರಿ. ಧಾರಾಳವಾಗಿ ಹಿಡಿಯಿರಿ. ನಾನು ನೆಲೆ ನಿಂತಿರುವುದೂ ಇಲ್ಲೇ. ಆದರೆ ‘ಬರೀ ಹೊಸದು’ ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ.

ಇದು ತೈವಾನಿನ ವಾಯವ್ಯ ಕರಾವಳಿಯ ಬಯಲು. ಊರಿನ ಬಹುಪಾಲು ತೌಚಿಯನ್ ಮತ್ತು ಫೆಂಗ್‌ಶಾನ್ ಹೊಳೆಗಳ ನಡುವೆ ಇದೆ. ಪಾರ್ಕು ತೌಚಿಯನ್ ಆಚೆ ದಡದಲ್ಲಿದೆ. ಹಾಗಾಗಿ ಬೆಳಗ್ಗೆ ಸೇತುವೆಗಳ ಮೇಲೆ ಸ್ಕೂಟರು, ಕಾರು ಗಿಜಿಗುಡುತ್ತವೆ. ಅಕ್ಟೋಬರಿನ ಹೊತ್ತಿಗೆ ಈಶಾನ್ಯದ ಗಾಳಿ ಶುರುವಾಗುತ್ತದೆ. ಬಾಲ್ಕನಿಯಲ್ಲಿ ಬಟ್ಟೆ ಹಾಕಿದರೆ ಕ್ಲಿಪ್ಪು ಜಾಸ್ತಿ ಬೇಕು! ಪಕ್ಕದ ಶಿನ್‌ಪುವಿನ ಹಕ್ಕಾ (ಚೀನಾದಿಂದ ಬಂದು ನೆಲೆಸಿದ, ತಮ್ಮದೇ ಭಾಷೆಯಿರುವ ಸಮುದಾಯ) ಮನೆಗಳವರು ಅದೇ ಗಾಳಿಗೆ ಪರ್ಸಿಮನ್ ಹಣ್ಣು ಒಣಗಿಸುತ್ತಾರೆ. ಸಿಪ್ಪೆ ತೆಗೆದ ಕೇಸರಿ ಹಣ್ಣುಗಳು ದೊಡ್ಡ ಬಿದಿರಿನ ತಟ್ಟೆಗಳಲ್ಲಿ ಅಂಗಳದ ತುಂಬ ಹರಡಿರುತ್ತವೆ. ಒಮ್ಮೆ ಹೋಗಿ ನೋಡಿ.

ಜುಬೇಯಲ್ಲಿ ಹೈಸ್ಪೀಡ್ ರೈಲು ನಿಲ್ಲುವ ಲಿಯೂಜಿಯಾ ಎಂಬ ಭಾಗ ಮುಂಚೆ ಭತ್ತದ ಗದ್ದೆ. ಈ ಬಯಲಿನಲ್ಲಿ ಮೊದಲಿದ್ದವರು ತಾವೊಕಾಸ್ ಮೂಲನಿವಾಸಿಗಳು. 18ನೇ ಶತಮಾನದಲ್ಲಿ ಗುವಾಂಗ್‌ಡಾಂಗ್ ಪ್ರಾಂತ್ಯದ ರಾವ್‌ಪಿಂಗ್ ಕಡೆಯಿಂದ ಬಂದ ಲಿನ್ ಮನೆತನದ ಹಕ್ಕಾ ಜನ ಲಿಯೂಜಿಯಾದಲ್ಲಿ ಬೇಸಾಯ ಹೂಡಿದರು. 1786ರಲ್ಲಿ ಲಿನ್ ಶುವಾಂಗ್‌ವೆನ್ (ಇವನು ಬೇರೆ ಲಿನ್) ಆಗ ತೈವಾನನ್ನು ಆಳುತ್ತಿದ್ದ ಚೀನಾದ ಚಿಂಗ್ ದೊರೆಗಳ ವಿರುದ್ಧ ದಂಗೆ ಎದ್ದಾಗ ಇಲ್ಲಿನ ಹಕ್ಕಾ ರೈತರು ತಮ್ಮ ಊರು ಕಾಯಲು ಹೋರಾಡಿದರು. ಸತ್ತವರನ್ನು ಎತ್ತಿನ ಗಾಡಿಯಲ್ಲಿ ತರುವಾಗ ಶಿನ್‌ಪುವಿನ ಒಂದು ಜಾಗದಲ್ಲಿ ಎತ್ತುಗಳು ನಿಂತುಬಿಟ್ಟವಂತೆ, ಏನು ಮಾಡಿದರೂ ಕದಲಲಿಲ್ಲವಂತೆ. ಅಲ್ಲೇ ಮಣ್ಣು ಮಾಡಿದರು, ಯಿಮಿನ್ (ಊರಿಗಾಗಿ ಮಡಿದವರ) ಗುಡಿ ಕಟ್ಟಿದರು. ಗುಡಿ ಕಟ್ಟಿಸಲು ಮುಂದೆ ನಿಂತವರಲ್ಲಿ ಲಿಯೂಜಿಯಾದ ಲಿನ್ ಶಿಯಾನ್‌ಕುನ್ ಒಬ್ಬರು. ಇಲ್ಲಿನ ಚಾಂದ್ರಮಾನದ ಏಳನೇ ತಿಂಗಳ 20ಕ್ಕೆ ಜಾತ್ರೆ. ಭಾರಿ ಹಂದಿಗಳನ್ನು ಬಲಿ ಕೊಟ್ಟು ಅಲಂಕರಿಸಿ ಇಡುತ್ತಾರೆ. ನೀವು ಸಸ್ಯಾಹಾರಿಗಳಾದರೆ ಮೊದಲೇ ಗೊತ್ತಿರಲಿ.

ಪಾರ್ಕು ಬಂದದ್ದು 1980ರಲ್ಲಿ, ಹೈಸ್ಪೀಡ್ ರೈಲು 2007ರಲ್ಲಿ. ಆಮೇಲೆ ಬೆಂಗಳೂರಿನ ಸುತ್ತಲ ಹಳ್ಳಿಗಳಿಗೆ ಆದದ್ದೇ ಇಲ್ಲೂ ಆಯಿತು, ಗದ್ದೆಗಳ ಮೇಲೆ ಗೋಪುರ ಎದ್ದವು. ಆದರೂ ರೈಲು ನಿಲ್ದಾಣದ ಹತ್ತಿರವೇ ಶಿನ್‌ವಾವು ಎಂಬ ಲಿನ್ ಮನೆತನದ ಹಳೇ ಕೇರಿಯನ್ನು ಉಳಿಸಿಕೊಂಡರು. ತಗ್ಗು ಹೆಂಚಿನ ಮನೆಗಳು, ನಡುವೆ ಅಂಗಳ, ಸುತ್ತ ಹುಲ್ಲು. ಮಕ್ಕಳಿದ್ದರೆ ಭಾನುವಾರಕ್ಕೆ ಇದಕ್ಕಿಂತ ಒಳ್ಳೇ ಜಾಗವಿಲ್ಲ.

ನಮ್ಮೂರ ತಳ್ಳುಗಾಡಿಯ ಹಕ್ಕಾ ನೂಡಲ್ಸ್ ಇಲ್ಲಿ ಹುಡುಕಬೇಡಿ, ಅದು ಕೋಲ್ಕತ್ತಾದ ಚೀನೀಯರ ಕೊಡುಗೆ. ಇಲ್ಲಿ ಸಿಗುವುದು ಅಗಲ ಅಕ್ಕಿ ಶಾವಿಗೆ. ಅದಕ್ಕೂ ಸಾಮಾನ್ಯವಾಗಿ ಹಂದಿ ಮಾಂಸ ಬೀಳುತ್ತದೆ, ಕೇಳಿ ತಿನ್ನಿ. ಮನೆಗಳಲ್ಲಿ ಅಜ್ಜ ಅಜ್ಜಿಯರು ಹಕ್ಕಾ ಆಡುತ್ತಾರೆ, ಮೊಮ್ಮಕ್ಕಳು ಮ್ಯಾಂಡರಿನ್ನಲ್ಲೇ ಉತ್ತರ ಕೊಡುತ್ತಾರೆ. ನಮ್ಮ ಭಾಷೆ ಉಳಿಸಿ ಎಂದು ಹಕ್ಕಾ ಜನ 1988ರಲ್ಲಿ ತೈಪೇಯಲ್ಲಿ ಬೀದಿಗಿಳಿದಿದ್ದರು. ಕನ್ನಡದವರಿಗೆ ಈ ಸಂಕಟ ಬೇಗ ಅರ್ಥವಾಗುತ್ತೆ, ಅಲ್ವಾ?

ಮನೆ ಲಿಯೂಜಿಯಾ ನಿಲ್ದಾಣದ ಆಸುಪಾಸಿನಲ್ಲೇ ನೋಡಿ. ಅಲ್ಲಿಂದ ಶಿಂಚುವಿಗೆ ಲೋಕಲ್ ರೈಲಿದೆ. ಶಿನ್‌ಜುವಾಂಗ್‌ನಲ್ಲಿ (ದಾರಿಯಲ್ಲಿ ಸಿಗುವ ನಿಲ್ದಾಣ) ಇಳಿದರೆ ಪಾರ್ಕು ಹತ್ತಿರ, ಸೇತುವೆಯ ಟ್ರಾಫಿಕ್ಕೂ ತಪ್ಪುತ್ತದೆ.