ಯಾರೂ ಕೂಡದ ಕಾರಿಡಾರ್‌ಗೂ ಹೊರಗಾಳಿಯ ಲೆಕ್ಕ ಕೊಡಬೇಕಾ?

ಕಲಬುರಗಿಯಲ್ಲಿ ಹಾಸ್ಟೆಲ್ ಕಟ್ಟಿಸುತ್ತಿದ್ದೀರಿ, ಪರಿಸರಸ್ನೇಹಿ ಕಟ್ಟಡಗಳಿಗೆ ಕೊಡುವ ಲೀಡ್ ಪ್ರಮಾಣಪತ್ರಕ್ಕೆ ಹಾಕುವವರಿದ್ದೀರಿ. ಕಾರಿಡಾರ್‌ನಲ್ಲಿ ಯಾರೂ ಕೂಡೋದಿಲ್ಲ, ಅದಕ್ಯಾಕೆ ಗಾಳಿ ಲೆಕ್ಕ ಅಂತ ಕೇಳಿದ್ದೀರಿ. ಕೊಡಬೇಕ್ರೀ, ಬಿಡುವ ಹಾಗಿಲ್ಲ.

ಲೀಡ್ 4ನೇ ಆವೃತ್ತಿ ಹಿಡಿಯುವುದು ಅಮೆರಿಕದ ಹವಾನಿಯಂತ್ರಣ ಎಂಜಿನಿಯರ್‌ಗಳ ಸಂಘವಾದ ಆ್ಯಶ್ರೇ ಹೊರಡಿಸಿದ, ಕಟ್ಟಡದೊಳಗಿನ ಗಾಳಿಯ 62.1 ಮಾನಕದ 2010ರ ಆವೃತ್ತಿಯನ್ನು. ಅದರಲ್ಲಿ ಕಾರಿಡಾರ್‌ಗೆ ತಲೆಲೆಕ್ಕ (ಒಬ್ಬೊಬ್ಬರಿಗೆ ಇಷ್ಟು ಗಾಳಿ ಎನ್ನುವುದು) ಸೊನ್ನೆ, ಆದರೆ ನೆಲದ ಲೆಕ್ಕ ಇದೆ: ಚದರ ಅಡಿಗೆ 0.06 ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ. ಜನ ಇರಲಿ ಬಿಡಲಿ, ಬಣ್ಣ, ಪ್ಲೈವುಡ್, ನೆಲ ಒರೆಸುವ ಫಿನಾಯಿಲ್ ಗಾಳಿ ಕೆಡಿಸುತ್ತಲೇ ಇರುತ್ತವೆ. ನಿಮ್ಮದು 80 ಅಡಿ ಉದ್ದ, 6 ಅಡಿ ಅಗಲ ಅಂದಿರಿ. 480 ಚದರ ಅಡಿಗೆ ಸುಮಾರು 29 ಸಿಎಫ್‌ಎಂ ಸಾಕು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಇದಕ್ಕಿಂತ ಎಷ್ಟೋ ಹೆಚ್ಚು ಎಳೆಯುತ್ತದೆ.

ಕಿಟಕಿಯಿಂದಲೇ ಮಾಡುವುದಾದರೆ ತೆರೆಯುವ ಜಾಗ ನೆಲದ ಶೇ 4 ಇರಬೇಕು, ನಿಮಗೆ 19 ಚದರ ಅಡಿಗಿಂತ ತುಸು ಹೆಚ್ಚು. ಒಂದೇ ತುದಿಗೆ ಕಿಟಕಿ ಇಟ್ಟರೆ ಚಾವಣಿ ಎತ್ತರದ ಎರಡು ಪಟ್ಟು ದೂರದವರೆಗೆ ಮಾತ್ರ ಲೆಕ್ಕಕ್ಕೆ. 10 ಅಡಿ ಎತ್ತರವಿದ್ದರೆ 20 ಅಡಿ, ಉಳಿದ 60 ಅಡಿ ಹೊರಗುಳಿಯಿತು. ಎರಡೂ ತುದಿಗೆ ಎದುರುಬದುರು ಇಟ್ಟರೆ ಪ್ರತಿ ಕಿಟಕಿಯಿಂದ ಎತ್ತರದ ಐದು ಪಟ್ಟು ದೂರ ಲೆಕ್ಕಕ್ಕೆ, ಪೂರ್ತಿ ಕಾರಿಡಾರ್ ಒಳಗೆ ಬರುತ್ತದೆ. ಆದ್ದರಿಂದ ಕಾರಿಡಾರ್‌ನ ತುದಿಯಲ್ಲಿ ಸ್ಟೋರ್ ರೂಮ್ ಇಟ್ಟು ಕಿಟಕಿಯ ಜಾಗ ಮುಚ್ಚಬೇಡಿ.

ಆದರೆ ನಮ್ಮ ಊರಿನ ಮೇ ತಿಂಗಳು ನಿಮಗೂ ಗೊತ್ತು. 42 ಡಿಗ್ರಿಯ ಮಟಮಟ ಮಧ್ಯಾಹ್ನ ಕಿಟಕಿ ಯಾರು ತೆರೆದಿಡುತ್ತಾರೆ? ಸಂಜೆ ಬೆಳಕಿಂಡಿ ತೆರೆದು, ಬಿಸಿಲೇರುವ ಮುಂಚೆ ಮುಚ್ಚುವ ರೂಢಿ ನಮ್ಮಜ್ಜಿಯ ಮಾಳಿಗೆ ಮನೆಯಲ್ಲಿತ್ತು. ಅದನ್ನೇ ಮಾಡಿ, ಹಗಲಿಗೆ ಫಿಲ್ಟರ್ ಇರುವ ಸಣ್ಣ ಫ್ಯಾನ್ ಇಡಿ.

ಫ್ಯಾನ್ ಯಾವ ಕಡೆ ತಿರುಗಬೇಕು ಎನ್ನುವುದೇ ನನಗೆ ಎಲ್ಲಕ್ಕಿಂತ ಮುಖ್ಯ. ನಾನು ಮೊದಲು ಕೆಲಸ ಮಾಡಿದ ಒಂದು ಲಾಡ್ಜ್‌ನಲ್ಲಿ ಕಾರಿಡಾರ್‌ಗೆ ಎಕ್ಸಾಸ್ಟ್ ಹಾಕಿದ್ದರು. ಕಾರಿಡಾರ್‌ನ ಗಾಳಿ ಹೊರಗೆ ಹೋದಷ್ಟೂ ಬಾಗಿಲ ಸಂದಿಗಳಿಂದ ಶೌಚಾಲಯದ ವಾಸನೆ ಒಳಗೆ ಬರುತ್ತಿತ್ತು. ಎರಡು ಬಾರಿ ಪೈಪ್ ಬದಲಿಸಿದರು, ಹೋಗಲಿಲ್ಲ. ಕೊನೆಗೆ ಫ್ಯಾನ್ ತಿರುಗಿಸಿ ಹೊರಗಾಳಿ ಒಳಗೆ ತಂದಾಗ ಒಂದೇ ದಿನದಲ್ಲಿ ಹೋಯಿತು. ಎಕ್ಸಾಸ್ಟ್ ಶೌಚಾಲಯಕ್ಕಿರಲಿ, ಕಾರಿಡಾರ್‌ಗೆ ಒಳಬರುವ ಗಾಳಿ ಇರಲಿ.

ಕೆಲಸ ಮುಗಿದ ಮೇಲೆ ಊದಿನಕಡ್ಡಿ ಹಚ್ಚಿ ಶೌಚಾಲಯದ ಬಾಗಿಲ ಸಂದಿಗೆ ಹಿಡಿಯಿರಿ. ಹೊಗೆ ಶೌಚಾಲಯದೊಳಗೆ ಹೋಗಬೇಕು. ನಿಮ್ಮ ಕಡೆ ಬಂದರೆ ಗುತ್ತಿಗೆದಾರರಿಗೆ ಕೊನೆಯ ಬಿಲ್ ಕೊಡಬೇಡಿ.